ಬೇಗ ಹಸಿವಾಗದಂತೆ ಉಣ್ಣುವುದು ಹೇಗೆ? ಕೊಡಗಿನ ತಟ್ಟೆ, ಕರುಳಿನ ಹಾರ್ಮೋನು

ಪಂದಿ ಕರಿ ಮಾಡುವ ಮನೆಯಲ್ಲಿ ಕಾಚಂಪುಳಿ ಬಾಟಲಿ ಇದ್ದೇ ಇರುತ್ತದೆ. ಆ ಕಪ್ಪು ಹುಳಿ ಬರುವುದು ಉಪ್ಪಾಗೆ ಹಣ್ಣಿನಿಂದ. ಈಗ ಅದೇ ಹಣ್ಣಿನ ಸಿಪ್ಪೆಯ ಸಾರ ಗಾರ್ಸಿನಿಯಾ ಮಾತ್ರೆಯಾಗಿ ಡಬ್ಬಿ ಸೇರಿದೆ. ಹಸಿವು ಕಟ್ಟುತ್ತದೆ, ತೂಕ ಇಳಿಸುತ್ತದೆ ಅಂತ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ.

1998ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಿದರು. 135 ಜನ, 12 ವಾರ. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಟ್ಟರು. ಈ ಹಣ್ಣಿನ ಮುಖ್ಯ ಅಂಶ ಅದೇ. ಉಳಿದವರಿಗೆ ಏನೂ ಇಲ್ಲದ ಖಾಲಿ ಮಾತ್ರೆ. ಕೊನೆಗೆ ತೂಕ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಥ ಮಾತ್ರೆ ನುಂಗಿದ ಕೆಲವರ ಲಿವರ್ ಕೆಟ್ಟ ವರದಿಗಳೂ ಬಂದವು. ಕರಿಗೆ ಹಾಕುವ ಒಂದು ಚಮಚ ಕಾಚಂಪುಳಿಗೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ. ದಿನಾ ನುಂಗುವ ಗಟ್ಟಿ ಸಾರದ ಮಾತು ಇದು.

ಹಾಗಾದರೆ ಗಿಡದಲ್ಲಿರುವ ಅಂಶಗಳು ಹಸಿವು ತಗ್ಗಿಸುತ್ತವೆ ಅನ್ನುವುದೇ ಸುಳ್ಳಾ? ಅಲ್ಲ. ತಗ್ಗಿಸುತ್ತವೆ. ಆದರೆ ಬಹುಪಾಲು ಊಟದ ರೂಪದಲ್ಲಿ, ಕರುಳಿನ ಸರಿಯಾದ ಜಾಗಕ್ಕೆ ತಲುಪಿದಾಗ. ಅದಕ್ಕೆ ಬೇಕಾದ ಸಾಮಾನು ಕೊಡಗಿನ ತೋಟದಲ್ಲಿ, ಸಂತೆಯಲ್ಲಿ ಸಿಗುತ್ತದೆ. ಯಾವುದನ್ನು ಯಾವಾಗ, ಹೇಗೆ ತಿನ್ನಬೇಕು ಅಂತ ಗೊತ್ತಿದ್ದರೆ ಆಯಿತು.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ

ಹೊಟ್ಟೆ ಖಾಲಿಯಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಊಟದ ಹೊತ್ತಾಯಿತು ಅಂತ ಮಿದುಳಿಗೆ ಹೇಳುವುದು ಇದೇ.

ಸಾಕು ಅಂತ ಹೇಳುವವರು ಬೇರೆ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಕೊಬ್ಬು, ಪ್ರೋಟೀನು ಬಂದು ಬಿದ್ದ ಕೂಡಲೇ ಸಿಸಿಕೆ ಎಂಬ ಹಾರ್ಮೋನು ಹೊರಡುತ್ತದೆ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ವೇಗಸ್ ಎಂಬ ಉದ್ದನೆಯ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇನ್ನೂ ಕೆಳಗೆ, ಸಣ್ಣ ಕರುಳಿನ ಕೊನೆಗೂ ದೊಡ್ಡ ಕರುಳಿಗೂ ಹೋದರೆ, ಎಲ್ ಕೋಶಗಳು ಜಾಸ್ತಿ. ಇವುಗಳಿಂದ ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಎರಡು ಹಾರ್ಮೋನು ಬರುತ್ತವೆ. ಇವೆರಡೂ ಊಟ ನಿಲ್ಲಿಸು ಅನ್ನುವ ಪಕ್ಷದವು.

ಜಿಎಲ್‌ಪಿ-1 ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ತೂಕ ಇಳಿಸಲು ಕೊಡುವ ಸೆಮಗ್ಲುಟೈಡ್ ಇಂಜೆಕ್ಷನ್ (ಓಜೆಂಪಿಕ್ ಅದರ ಒಂದು ಮಾರಾಟದ ಹೆಸರು) ಅದರದೇ ನಕಲು. ದೇಹದ ಸ್ವಂತ ಜಿಎಲ್‌ಪಿ-1 ರಕ್ತಕ್ಕೆ ಬಂದ ಎರಡೇ ನಿಮಿಷದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಸೆಮಗ್ಲುಟೈಡ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ 'ನೈಸರ್ಗಿಕ ಓಜೆಂಪಿಕ್' ಅನ್ನುವ ಜಾಹೀರಾತು ಎಷ್ಟು ಪೊಳ್ಳು ಅಂತ ಗೊತ್ತಾಗುತ್ತದೆ. ಸೊಪ್ಪು, ಕಾಳು, ಕಾಯಿ ತಿಂದು ಆ ಮಟ್ಟಕ್ಕೆ ಹೋಗಲು ಆಗುವುದಿಲ್ಲ. ಒಂದು ಊಟದಿಂದ ಇನ್ನೊಂದು ಊಟದವರೆಗೆ ಕೈ ಬಿಸ್ಕತ್ತಿನ ಡಬ್ಬಿಗೆ ಹೋಗದಂತೆ ಮಾಡಿಕೊಳ್ಳಬಹುದು. ಅಷ್ಟು ಸಾಕಲ್ವಾ?

ಹೆಜ್ಜೆ 1: ಯಾವ ಹಸಿವು ಅಂತ ತಿಳಿದುಕೊಳ್ಳಿ

ಬೆಳಿಗ್ಗೆಯಿಂದ ತೋಟದಲ್ಲಿ ಕಾಫಿ ಕೊಯ್ದು ಬಂದವರ ಹಸಿವು ನಿಜವಾದ ಹಸಿವು. ಅದನ್ನು ತಗ್ಗಿಸುವ ಕೆಲಸಕ್ಕೆ ಹೋಗಬಾರದು, ಹೊಟ್ಟೆ ತುಂಬ ಉಣ್ಣಬೇಕು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲುಣಿಸುವವರು, ತೂಕ ಇಳಿಯುತ್ತಿರುವ ವಯಸ್ಸಾದವರು, ಊಟದ ವಿಷಯದಲ್ಲಿ ಮನಸ್ಸಿನ ತೊಂದರೆ ಇರುವವರು, ಇವರ್ಯಾರಿಗೂ ಈ ಲೇಖನ ಅಲ್ಲ.

ಊಟ ಮುಗಿದು ಒಂದೂವರೆ ಗಂಟೆಗೇ ಏನಾದರೂ ಬೇಕು ಅನ್ನಿಸುವುದು, ಜುಲೈ ಮಳೆಯಲ್ಲಿ ಮನೆಯೊಳಗೇ ಕೂತು ಸುಮ್ನೆ ಬಾಯಾಡಿಸುವುದು, ರಾತ್ರಿ ಊಟವಾದ ಮೇಲೂ ಸಿಹಿ ಹುಡುಕುವುದು. ಮುಂದಿನ ಹೆಜ್ಜೆಗಳು ಇಂಥವರಿಗೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಕ್ರಮ ಬದಲಿಸುವ ಮೊದಲು ವೈದ್ಯರಿಗೆ ಒಂದು ಮಾತು ಹೇಳಿ. ಊಟ ಬದಲಾಗಿ ಔಷಧಿ ಹಾಗೇ ಉಳಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು.

ಹೆಜ್ಜೆ 2: ಮೊದಲು ಪಲ್ಯ, ಕಡೆಗೆ ಒಟ್ಟಿ

ಖರ್ಚಿಲ್ಲದ ಬದಲಾವಣೆ ಇದು. ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಕೊಡಗಿನ ತಟ್ಟೆಯಲ್ಲಿ ಎಲ್ಲವೂ ಅಕ್ಕಿಯದೇ. ಬಿಸಿ ಒಟ್ಟಿ ಬಂದ ಕೂಡಲೇ ಕೈ ಅದಕ್ಕೇ ಹೋಗುತ್ತದೆ. ಅದನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ. ಮೊದಲು ಸೊಪ್ಪಿನ ಪಲ್ಯ ಅಥವಾ ತರಕಾರಿ, ಅದರ ಜೊತೆ ಕಾಳು, ಮೊಟ್ಟೆ, ಮೀನು ಅಥವಾ ಮಾಂಸ. ಒಟ್ಟಿ, ಅನ್ನ ಕೊನೆಗೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆ ಇರುವವರಿಗೆ ಇದೇ ರೀತಿ ಊಟ ಕೊಟ್ಟು ನೋಡಿದ್ದಾರೆ. ತಿಂದಿದ್ದು ಅದೇ ಊಟ, ಅಷ್ಟೇ ಪ್ರಮಾಣ. ತರಕಾರಿ, ಪ್ರೋಟೀನು ಮೊದಲು ಹೋದಾಗ ರಕ್ತದ ಸಕ್ಕರೆ ಕಡಿಮೆ ಏರಿತು. ಜಿಎಲ್‌ಪಿ-1 ಜಾಸ್ತಿ ಬಂತು.

ವೇಗವೂ ಲೆಕ್ಕಕ್ಕೆ ಬರುತ್ತದೆ. ಗ್ರೀಸ್ ದೇಶದಲ್ಲಿ 2010ರ ಸುಮಾರಿಗೆ ಒಂದು ಮಜವಾದ ಪರೀಕ್ಷೆ ನಡೆಯಿತು. ಆರೋಗ್ಯವಂತ ಗಂಡಸರಿಗೆ 300 ಮಿಲಿಲೀಟರ್ ಐಸ್‌ಕ್ರೀಂ ಕೊಟ್ಟರು. ಒಂದು ದಿನ 5 ನಿಮಿಷದಲ್ಲಿ ಮುಗಿಸಬೇಕು, ಇನ್ನೊಂದು ದಿನ 30 ನಿಮಿಷ ಎಳೆಯಬೇಕು. ನಿಧಾನ ತಿಂದ ದಿನ ಪಿವೈವೈ, ಜಿಎಲ್‌ಪಿ-1 ಎರಡೂ ಹೆಚ್ಚಿದ್ದವು. ಮದುವೆ ಮನೆಯ ಪಂಕ್ತಿಯಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಮನೆಯಲ್ಲಾದರೂ ಇಪ್ಪತ್ತು ನಿಮಿಷಕ್ಕಿಂತ ಮೊದಲು ಏಳಬೇಡಿ.

ಸೊಪ್ಪಿನ ಬಗ್ಗೆ ಒಂದು ಮಾತು. ಎಲೆಯ ಹಸಿರು ಇರುವ ಸಣ್ಣ ಪೊರೆಗಳಿಗೆ ಥೈಲಕಾಯ್ಡ್ ಅಂತ ಹೆಸರು. ಇವು ಕೊಬ್ಬಿನ ಹನಿಗೆ ಅಂಟಿಕೊಂಡು ಅದು ಬೇಗ ಜೀರ್ಣವಾಗದಂತೆ ತಡೆಯುತ್ತವೆ. ಆಗ ಕೊಬ್ಬು ಕರುಳಿನಲ್ಲಿ ಇನ್ನಷ್ಟು ಕೆಳಗೆ ಹೋಗುತ್ತದೆ, ಸಿಸಿಕೆ ಮತ್ತು ಜಿಎಲ್‌ಪಿ-1 ಎರಡಕ್ಕೂ ಕೆಲಸ ಸಿಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಪಾಲಕ್‌ನಿಂದ ಇದನ್ನು ಬೇರ್ಪಡಿಸಿ ಪರೀಕ್ಷೆ ಮಾಡಿದರು. ಅವರು ಕೊಟ್ಟಿದ್ದು ಸಾರ, ಪಲ್ಯ ಅಲ್ಲ. ಹಾಗಾಗಿ ಒಂದು ಹಿಡಿ ಕೆಂಬಿನ (ಕೆಸುವಿನ) ಸೊಪ್ಪಿನಿಂದ ಅಷ್ಟೇ ಫಲ ನಿರೀಕ್ಷಿಸಬೇಡಿ. ಸೊಪ್ಪು ತುಂಬ ಬೇಯಿಸದೆ, ಸಣ್ಣಗೆ ಹೆಚ್ಚಿ, ಚೆನ್ನಾಗಿ ಅಗಿದು ತಿನ್ನಿ. ಆದರೆ ಕೆಂಬಿಗೆ ಈ ಮಾತು ಬೇಡ, ಅದು ಪೂರ್ತಿ ಬೇಯಲೇಬೇಕು. ಹುಳಿಯೂ ಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು.

ಮಳೆಗಾಲದ ಕಕ್ಕಡ ತಿಂಗಳಿನ ಮದ್ದು ಸೊಪ್ಪಿನ ಪಾಯಸವನ್ನು ಹಬ್ಬಕ್ಕೆ ಅಂತ ಸಂತೋಷವಾಗಿ ಉಣ್ಣಿ. ಬೆಲ್ಲ, ತೆಂಗಿನ ಹಾಲು ಹಾಕಿದ ಪಾಯಸವನ್ನು ಹಸಿವು ಕಟ್ಟುವ ಲೆಕ್ಕಕ್ಕೆ ತರುವುದು ಬೇಡ.

ಹೆಜ್ಜೆ 3: ನಾರನ್ನು ದೊಡ್ಡ ಕರುಳಿಗೆ ತಲುಪಿಸಿ

ಇಡೀ ವಿಷಯದ ತಿರುಳು ಇಲ್ಲಿದೆ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ.

ನಾರನ್ನು ನಮ್ಮ ದೇಹ ಜೀರ್ಣಿಸಿಕೊಳ್ಳುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದರಲ್ಲಿ ಕೆಲವು ಬಗೆಯ ನಾರನ್ನು ಹುದುಗಿಸುತ್ತವೆ. ಆಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಎಲ್ ಕೋಶಗಳ ಮೇಲೆ ಇವನ್ನು ಗುರುತಿಸುವ ಗ್ರಾಹಕಗಳಿವೆ. ಆಮ್ಲ ಬಂದು ತಾಗಿದರೆ ಜಿಎಲ್‌ಪಿ-1, ಪಿವೈವೈ ಹೊರಗೆ ಬರುತ್ತವೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2015ರಲ್ಲಿ ಇದರ ಮೇಲೆ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ತೂಕ ಜಾಸ್ತಿ ಇದ್ದ 60 ಜನರನ್ನು ತೆಗೆದುಕೊಂಡರು. ಇನ್ಯುಲಿನ್ ಎಂಬ ನಾರಿಗೆ ಪ್ರೊಪಿಯೊನೇಟ್ ಕಟ್ಟಿ, ದೊಡ್ಡ ಕರುಳಿನಲ್ಲೇ ಬಿಡುಗಡೆಯಾಗುವಂತೆ ಮಾಡಿ, ದಿನಕ್ಕೆ 10 ಗ್ರಾಂನಂತೆ 24 ವಾರ ಕೊಟ್ಟರು. ಬರೀ ನಾರು ತಿಂದವರಿಗಿಂತ ಇವರ ತೂಕ ಏರಿದ್ದು ಕಡಿಮೆ. ಗಮನಿಸಿ, ತೂಕ ಇಳಿದ ಕಥೆ ಅಲ್ಲ ಇದು, ಏರದೆ ಉಳಿದ ಕಥೆ. ನನ್ನ ಮಟ್ಟಿಗೆ ಅದೇ ದೊಡ್ಡ ಲಾಭ.

ಕೊಡಗಿನಲ್ಲಿ ಹುದುಗುವ ನಾರು ಎಲ್ಲೆಲ್ಲಿದೆ? ಹುರುಳಿ, ಅವರೆ, ಅಲಸಂದೆ ಕಾಳುಗಳಲ್ಲಿ. ಹಲಸಿನ ಬೀಜದಲ್ಲಿ. ಬಾಳೆಕಾಯಿಯಲ್ಲಿ, ಹಣ್ಣಾಗುವ ಮೊದಲು. ಇವುಗಳಲ್ಲಿ ಸಣ್ಣ ಕರುಳಿಗೆ ಸುಲಭವಾಗಿ ಬಗ್ಗದ ಪಿಷ್ಟವೂ ಸೇರಿದೆ. ಅದೂ ನಾರಿನ ಹಾಗೆಯೇ ಕೆಳಗೆ ಇಳಿಯುತ್ತದೆ. ಬೆಂದು ತಣ್ಣಗಾದ ಅನ್ನದಲ್ಲೂ ಇಂಥ ಪಿಷ್ಟ ಸ್ವಲ್ಪ ಹೆಚ್ಚುತ್ತದೆ. ಉಳಿದ ಅನ್ನವನ್ನು ಅಕ್ಕಿ ಹಿಟ್ಟಿಗೆ ನಾದಿ ಒಟ್ಟಿ ತಟ್ಟುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆಯಲ್ಲ. ಅನ್ನ ಉಳಿದರೆ ಹೊರಗಿಡದೆ ಬೇಗ ಫ್ರಿಜ್‌ಗೆ ಸೇರಿಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಕಿತ್ತಳೆ ಸಿಕ್ಕರೆ ಜ್ಯೂಸ್ ಮಾಡಬೇಡಿ, ತೊಳೆಯ ಮೇಲಿನ ತೆಳು ಪೊರೆಯ ಸಮೇತ ತಿನ್ನಿ. ಪೆಕ್ಟಿನ್ ಎಂಬ ಹುದುಗುವ ನಾರು ಆ ಪೊರೆಯಲ್ಲೂ ಇದೆ.

ಬೈಂಬಳೆಯಲ್ಲೂ (ಕಳಲೆಯಲ್ಲೂ) ನಾರು ಚೆನ್ನಾಗಿದೆ. ಮಳೆಗಾಲದಲ್ಲಿ ಸಿಕ್ಕಾಗ ಬಿಡಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಕುದಿಸಿ, ಆ ನೀರನ್ನೂ ಚೆಲ್ಲುವ ಹಳೆಯ ಕ್ರಮ ಅದಕ್ಕೇ ಇರುವುದು. ಅದರಲ್ಲಿ ಅವಸರ ಬೇಡ.

ಈಗ ಮಾಡುವ ಕ್ರಮ. ಮೊದಲ ವಾರ ದಿನಕ್ಕೆ ಒಂದು ಸಣ್ಣ ಬಟ್ಟಲು ಬೇಯಿಸಿದ ಕಾಳು ಸಾಕು. ಹೊಟ್ಟೆ ಒಗ್ಗಿದ ಮೇಲೆ ಎರಡನೇ ವಾರ ಇನ್ನೊಂದು ಊಟಕ್ಕೂ ಸೇರಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ತುಂಬುತ್ತದೆ, ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ನೀರು ಜಾಸ್ತಿ ಕುಡಿಯಿರಿ. ರಾತ್ರಿ ಊಟಕ್ಕೆ ಕಾಳು ಇಟ್ಟುಕೊಳ್ಳುವುದು ಒಳ್ಳೆಯದು. ಹುದುಗಲು ಗಂಟೆಗಟ್ಟಲೆ ಬೇಕು, ಹಾಗಾಗಿ ರಾತ್ರಿ ತಿಂದದ್ದರ ಫಲ ಮರುದಿನ ಬೆಳಿಗ್ಗೆ ಕಾಣುತ್ತದೆ. ಇದನ್ನೂ ಲುಂಡ್‌ನವರೇ ಬಾರ್ಲಿ ಕಾಳಿನ ಬ್ರೆಡ್ ಕೊಟ್ಟು ನೋಡಿದ್ದಾರೆ.

ಮೆಂತ್ಯದ ಬಗ್ಗೆ ಕೇಳುವವರು ತುಂಬ. ಮೆಂತ್ಯದಿಂದ ಬೇರ್ಪಡಿಸಿದ ನಾರನ್ನು 8 ಗ್ರಾಂ ಕೊಟ್ಟಾಗ ಬೊಜ್ಜು ಇದ್ದವರಿಗೆ ಹೊಟ್ಟೆ ತುಂಬಿದ ಭಾವ ಹೆಚ್ಚಿತು ಅಂತ ಒಂದು ಪರೀಕ್ಷೆಯಲ್ಲಿ ಕಂಡಿದೆ. ಮೆಂತ್ಯ ಕಾಳಿನಲ್ಲಿ ನಾರು ಅರ್ಧದಷ್ಟು. ಒಂದು ಚಮಚ ನೆನೆಸಿದ ಮೆಂತ್ಯ ಆ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ಮೆಂತ್ಯ, ಇಸಬ್‌ಗೋಲ್‌ನಂಥ ಲೋಳೆ ನಾರು ತಿನ್ನುವವರು ಥೈರಾಯ್ಡ್ ಅಥವಾ ಬೇರೆ ಮಾತ್ರೆಗೂ ಅದಕ್ಕೂ ಕೆಲವು ಗಂಟೆ ಅಂತರ ಇಡಿ. ಲೋಳೆಗೆ ಸಿಕ್ಕಿಕೊಂಡ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಹೆಜ್ಜೆ 4: ಹಾಗಲದ ಕಹಿಯನ್ನು ಪೂರ್ತಿ ಹಿಂಡಬೇಡಿ

ಕಹಿ ಗೊತ್ತಾಗುವುದು ನಾಲಿಗೆಗೆ ಮಾತ್ರ ಅಂತ ಅಂದುಕೊಂಡಿದ್ದೆವು. ಮನುಷ್ಯರಲ್ಲಿ ಸುಮಾರು 25 ಬಗೆಯ ಕಹಿ ಗ್ರಾಹಕಗಳಿವೆ. ಅವು ಕರುಳಿನಲ್ಲೂ ಇವೆ, ಹಾರ್ಮೋನು ಬಿಡುವ ಕೋಶಗಳ ಮೇಲೂ ಇವೆ. ಕಾಡಿನಲ್ಲಿ ಕಹಿ ಅಂದರೆ ಎಷ್ಟೋ ಸಲ ವಿಷ. ಒಳಗೆ ಬಂದ ಕಹಿಯನ್ನು ಕಂಡು ಕರುಳು ಊಟ ನಿಧಾನ ಮಾಡುವುದರಲ್ಲಿ ಅರ್ಥ ಇದೆ.

ನ್ಯೂಜಿಲೆಂಡಿನಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಸಾರವನ್ನು ಕ್ಯಾಪ್ಸೂಲಿನಲ್ಲಿ ತುಂಬಿ 20 ಗಂಡಸರಿಗೆ ಕೊಟ್ಟರು. ಕ್ಯಾಪ್ಸೂಲ್ ಆದ್ದರಿಂದ ನಾಲಿಗೆಗೆ ಕಹಿ ತಾಗಲೇ ಇಲ್ಲ. ಸಿಸಿಕೆ, ಜಿಎಲ್‌ಪಿ-1, ಪಿವೈವೈ ಮೂರೂ ಏರಿದವು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಅವರು ಸುಮಾರು ಶೇ. 18ರಷ್ಟು ಕಡಿಮೆ ತಿಂದರು. ಸಣ್ಣ ಪರೀಕ್ಷೆ, ಗಟ್ಟಿ ಸಾರ. ದಾರಿ ಸರಿ ಇದೆ ಅಂತ ಮಾತ್ರ ಇದರಿಂದ ಹೇಳಬಹುದು.

ಅಡುಗೆಮನೆಯಲ್ಲಿ ಮಾಡುವುದು ಇಷ್ಟೇ. ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡಿ, ಬೆಲ್ಲ, ಹುಳಿ ಸುರಿದು ಕಹಿಯ ಗುರುತೇ ಇಲ್ಲದಂತೆ ಮಾಡುತ್ತೇವೆ. ಅಷ್ಟು ಹಿಂಡಬೇಡಿ. ಬಾಯಿ ತಡೆಯುವಷ್ಟು ಕಹಿ ಉಳಿಯಲಿ. ವಾರಕ್ಕೆ ಎರಡು ಮೂರು ಸಲ ಊಟದ ಶುರುವಿನಲ್ಲಿ ಸ್ವಲ್ಪ ಪಲ್ಯ ಸಾಕು. ಬರೀ ಹೊಟ್ಟೆಗೆ ಲೋಟ ತುಂಬ ಹಾಗಲದ ರಸ ಕುಡಿಯುವ ಚಟ ಬೇಡ. ಅದರಿಂದ ಹೊಟ್ಟೆ ನುಲಿಯುತ್ತದೆ, ಸಕ್ಕರೆ ಮಾತ್ರೆ ನುಂಗುವವರಿಗೆ ಅಪಾಯ, ಗರ್ಭಿಣಿಯರಿಗೆ ಕೂಡದು.

ಸಿಹಿಯ ಚಪಲಕ್ಕೆ ಮಧುನಾಶಿನಿ ಎಲೆ ಇದೆ. ಇದರ ಕೆಲಸ ಕರುಳಿಗಿಂತ ಮೊದಲು ನಾಲಿಗೆಯ ಮೇಲೆ. ಎಲೆ ಅಗಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸಿಹಿ ಗೊತ್ತಾಗುವುದಿಲ್ಲ, ಸಕ್ಕರೆ ತಿಂದರೂ ಬಾಯಿಗೆ ಮರಳು ಹಾಕಿದಂತೆ. ಚೆನ್ನಾಗಿ ಗುರುತು ಗೊತ್ತಿರುವವರು ತಂದುಕೊಟ್ಟರೆ ಮಾತ್ರ ಅಗಿಯಿರಿ.

ಹೆಜ್ಜೆ 5: ಬೆಣ್ಣೆಹಣ್ಣನ್ನು ಮಿಲ್ಕ್‌ಶೇಕ್‌ನಿಂದ ಬಿಡಿಸಿ

ಕಾಫಿ ತೋಟದಲ್ಲಿ ಬೆಣ್ಣೆಹಣ್ಣಿನ ಮರ ಇಲ್ಲದ ಮನೆ ಕಡಿಮೆ. ಪೇಟೆಯವರು ಅವಕಾಡೊ ಅಂತ ದುಡ್ಡು ಸುರಿದು ಕೊಳ್ಳುವುದು ಇದನ್ನೇ. ನಾವೋ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿ ಮಿಕ್ಸಿಗೆ ಕೊಡುತ್ತೇವೆ.

ಈ ಹಣ್ಣಿನಲ್ಲಿ ಓಲಿಯಿಕ್ ಆಮ್ಲ ಎಂಬ ಕೊಬ್ಬು ಮತ್ತು ನಾರು ಎರಡೂ ಇವೆ. ಅಮೆರಿಕದಲ್ಲಿ ಊಟದ ಪಿಷ್ಟದ ಒಂದು ಪಾಲು ತೆಗೆದು ಆ ಜಾಗಕ್ಕೆ ಬೆಣ್ಣೆಹಣ್ಣು ಇಟ್ಟು ನೋಡಿದಾಗ ಹಸಿವು ತಗ್ಗಿತು, ಪಿವೈವೈ ಏರಿತು. 'ಆ ಜಾಗಕ್ಕೆ' ಅನ್ನುವುದು ಮುಖ್ಯ. ಮಾಮೂಲಿನ ಮೂರು ಒಟ್ಟಿಯ ಮೇಲೆ ಹಣ್ಣೂ ಸೇರಿದರೆ ಲೆಕ್ಕ ತಪ್ಪಿತು. ಒಂದು ಒಟ್ಟಿ ಕಡಿಮೆ ಮಾಡಿ, ಅರ್ಧ ಹಣ್ಣನ್ನು ಉಪ್ಪು, ಕಾಳುಮೆಣಸು, ನಿಂಬೆರಸ ಹಾಕಿ ಚಟ್ನಿಯಂತೆ ಕಿವುಚಿ ತಿನ್ನಿ.

ಹೆಜ್ಜೆ 6: ಕಾಫಿ ಮತ್ತು ಖಾರ

ಇವುಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಕಾಫಿ ಕೂಡ ಸಿಸಿಕೆಯನ್ನು ಎಬ್ಬಿಸುತ್ತದೆ, ಅದರ ಕ್ಲೋರೊಜೆನಿಕ್ ಆಮ್ಲ ಜಿಎಲ್‌ಪಿ-1ರ ಕಡೆಗೂ ಕೈ ಹಾಕುತ್ತದೆ. ಹಸಿವಿನ ಮೇಲೆ ಇದರ ಫಲ ಒಬ್ಬೊಬ್ಬರಿಗೆ ಒಂದೊಂದು ಥರ. ಬೆಲ್ಲದ ಕಾಫಿಯಾದರೆ ಬೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಸಂಜೆ ಐದರ ಮೇಲೆ ಕುಡಿದು ನಿದ್ದೆ ಕೆಟ್ಟರೆ ಮರುದಿನ ಗ್ರೆಲಿನ್ ಜಾಸ್ತಿಯಾಗಿ ಹಸಿವೇ ಹೆಚ್ಚುತ್ತದೆ. ಪರಂಗಿ ಮಾಲು ಎಂಬ ಸಣ್ಣ ಮೆಣಸಿನಕಾಯಿಯ ಖಾರ ಊಟವನ್ನು ಸ್ವಲ್ಪ ಕಡಿಮೆ ಮಾಡಿಸುವುದು ನಿಜ. ದಿನಾ ಖಾರ ತಿನ್ನುವವರಿಗೆ ಅದೂ ಒಗ್ಗಿಹೋಗಿರುತ್ತದೆ.

ಹೆಜ್ಜೆ 7: ಡಬ್ಬಿ ಕೊಳ್ಳುವ ಮೊದಲು ಮೂರು ಪ್ರಶ್ನೆ

ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯಾ, ಬರೀ ಇಲಿಯ ಮೇಲಾ? ಎಷ್ಟು ಜನ? ಖಾಲಿ ಮಾತ್ರೆಯ ಜೊತೆ ಹೋಲಿಸಿದ್ದಾರಾ?

ಹೂಡಿಯಾ ಅಂತ ಒಂದು ಗಿಡ ಇದೆ. ಆಫ್ರಿಕಾದ ಕಲಹರಿ ಮರುಭೂಮಿಯ ಸಾನ್ ಜನ ಬೇಟೆಗೆ ಹೋದಾಗ ಹಸಿವಾಗದಿರಲಿ ಅಂತ ಅಗಿಯುತ್ತಿದ್ದರು. ಅದರ ಒಂದು ಅಂಶ ಕಹಿ ಗ್ರಾಹಕಕ್ಕೆ ತಾಗಿ ಸಿಸಿಕೆ ಬಿಡಿಸುತ್ತದೆ ಅಂತ ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ. ಕೇಳಲು ಚೆನ್ನಾಗಿದೆ. ಆದರೆ ಫೈಜರ್, ಯೂನಿಲಿವರ್‌ನಂಥ ದೊಡ್ಡ ಕಂಪನಿಗಳೇ ದುಡ್ಡು ಹಾಕಿ ಕೊನೆಗೆ ಕೈಬಿಟ್ಟವು. ಅದರ ನೆಂಟನಾದ ಕ್ಯಾರಲ್ಯುಮಾ ನಮ್ಮ ದೇಶದ ಒಣನೆಲದ ಗಿಡ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 50 ಜನರಿಗೆ ದಿನಕ್ಕೆ 1 ಗ್ರಾಂ ಸಾರವನ್ನು 60 ದಿನ ಕೊಟ್ಟು 2007ರಲ್ಲಿ ಫಲ ಪ್ರಕಟಿಸಿದರು. ಹಸಿವು, ಸೊಂಟದ ಸುತ್ತಳತೆ ಕಡಿಮೆಯಾದವು. ತೂಕದಲ್ಲಿ ಖಾಲಿ ಮಾತ್ರೆಯವರಿಗಿಂತ ದೊಡ್ಡ ವ್ಯತ್ಯಾಸ ಬರಲಿಲ್ಲ.

ತೂಕ ಇಳಿಸುತ್ತದೆ ಅಂತ ಮಾರುವ ಬರ್ಬರಿನ್ ಎಂಬ ಗಿಡದ ಅಂಶದ ಮಾತ್ರೆಯ ಗಲಾಟೆ ಈಗ ಜೋರು. ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಬರ್ಬರಿನ್ ಇದೆ. ದಯವಿಟ್ಟು ಕಾಡಿಗೆ ಹೋಗಿ ಅದರ ಬಳ್ಳಿ ಕಡಿಯಬೇಡಿ. ಕಡಿದು ಕಡಿದು ಅದು ಅಳಿವಿನ ಅಂಚಿಗೆ ಬಂದಿದೆ. ಬರ್ಬರಿನ್ ಬೇರೆ ಔಷಧಿಗಳ ಕೆಲಸವನ್ನೂ ಕೆಡಿಸಬಲ್ಲದು, ಗರ್ಭಿಣಿಯರು ಮುಟ್ಟಲೇಬಾರದು.

ಗಾರ್ಸಿನಿಯಾ ಆಗಲಿ, ಬೇರೆ ಸಾರ ಆಗಲಿ, ನುಂಗುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಸುಸ್ತು, ವಾಕರಿಕೆ ಬಂದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಮದ್ದು ಸೊಪ್ಪು ತಿಂದ ಮರುದಿನದ ಕೆಂಪು ಮೂತ್ರಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ, ಅದು ಸೊಪ್ಪಿನ ಬಣ್ಣ.

ಹೆಜ್ಜೆ 8: ಬರೆದಿಟ್ಟು ನೋಡಿ

ತೂಕದ ಯಂತ್ರಕ್ಕಿಂತ ಗಡಿಯಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಊಟ ಮುಗಿದ ಹೊತ್ತು ಬರೆಯಿರಿ, ಮತ್ತೆ ಹಸಿವಾದ ಹೊತ್ತು ಬರೆಯಿರಿ. ಒಂದು ವಾರ ಏನೂ ಬದಲಿಸದೆ ಬರೀ ಬರೆಯುವುದು. ಆಮೇಲೆ ಎರಡನೇ ಹೆಜ್ಜೆ ಮಾತ್ರ ಶುರು ಮಾಡಿ ಎರಡು ವಾರ ನೋಡಿ. ಅದು ಒಗ್ಗಿದ ಮೇಲೆ ಮೂರನೆಯದು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದರಿಂದ ಉಪಯೋಗ ಆಯಿತು, ಯಾವುದರಿಂದ ಹೊಟ್ಟೆ ಉಬ್ಬರಿಸಿತು ಅಂತ ಗೊತ್ತಾಗುವುದಿಲ್ಲ.

ಕಾಳು ಶುರು ಮಾಡಿ ನಾಲ್ಕು ವಾರವಾದರೂ ಎರಡು ಹೊತ್ತಿನ ನಡುವಿನ ಅಂತರ ಬದಲಾಗದಿದ್ದರೆ ನಿದ್ದೆ ಎಷ್ಟಾಗುತ್ತಿದೆ ನೋಡಿ, ಊಟದಲ್ಲಿ ಪ್ರೋಟೀನು ಸಾಲುತ್ತಿದೆಯಾ ನೋಡಿ. ಹಸಿವು ವಿಪರೀತ, ಬಾಯಾರಿಕೆಯೂ ಜಾಸ್ತಿ, ತಿಂದರೂ ತೂಕ ಇಳಿಯುತ್ತಿದೆ ಅಂದರೆ ಪಲ್ಯ, ಕಾಳಿನ ಮಾತು ಬಿಟ್ಟು ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.